ಮನೆಗಂದಾಯ: ಕಟ್ಟಿದವರು ಯಾರು, ಮರಳಿ ಪಡೆದವರು ಯಾರು

ತೆರಿಗೆಯ ಚರಿತ್ರೆಯನ್ನು ನಮಗೆ ಇಸ್ಕೂಲಿನಲ್ಲಿ ಹೇಳಿಕೊಟ್ಟದ್ದು ಬೊಕ್ಕಸದ ಕಡೆಯಿಂದ. ಇಂಥ ರಾಜ ಬೆಳೆಯಲ್ಲಿ ಆರನೇ ಒಂದು ಭಾಗ ತಗೊಂಡ, ಇಂಥವನು ಮೂರನೇ ಒಂದು ಭಾಗಕ್ಕೆ ಏರಿಸಿದ, ಇಂಥವನು ಇಳಿಸಿದ, ಆದ್ದರಿಂದ ಅವನು ಪ್ರಜಾವತ್ಸಲ. ಪರೀಕ್ಷೆಯಲ್ಲಿ ಹಾಗೇ ಬರೆದೆವು, ಅಂಕ ಬಂದವು. ಕೊಟ್ಟವನ ಅಂಗೈ ಕಡೆಯಿಂದ ಈ ಚರಿತ್ರೆ ಹೆಂಗೆ ಕಾಣುತ್ತೆ ಅನ್ನೋದು ಯಾವ ಪಾಠದಲ್ಲೂ ಇರಲಿಲ್ಲ. ಅದರಲ್ಲೂ ಹೊಲ ಇಲ್ಲದವನು ಏನು ಕೊಟ್ಟ? ಲೆಕ್ಕ ತಪ್ಪಿಸಿ ಹೆಚ್ಚಿಗೆ ಕಿತ್ತುಕೊಂಡಾಗ ಯಾರ ಮುಂದೆ ನಿಂತ? ಹೆಚ್ಚಿಗೆ ಹೋದದ್ದು ವಾಪಸ್ಸು ಬಂತೆ? ಇವು ಇತಿಹಾಸದ ಪ್ರಶ್ನೆಗಳು ಅಂತ ನಮ್ಮ ಮೇಷ್ಟ್ರುಗಳಿಗೂ ಅನ್ನಿಸಿರಲಿಲ್ಲ.

ನಾವು ಇಲ್ಲಿ ಹಿಡಿದಿರೋದು ಒಂದೇ ತೆರಿಗೆಯನ್ನು, ಮನೆಗಂದಾಯವನ್ನು. ಭೂಮಿ ಇಲ್ಲದವನಿಗೂ ಒಂದು ಸೂರು ಇರುತ್ತೆ. ಆ ಸೂರಿನ ಮೇಲೆ ಬೀಳುವ ತೆರಿಗೆ ಇದು. ಹಿಡಿದಿರೋ ಊರು ತುಮಕೂರಿನ ಮರಳೂರು. ಒಂದು ಕಾಲಕ್ಕೆ ಕೆರೆ, ತೋಟ, ಹೊಲ ಇದ್ದ ಹಳ್ಳಿ. ಈಗ ನಗರದ ಹೊಟ್ಟೆಯೊಳಗಿದೆ. ಮರಳೂರು ದಿಣ್ಣೆ ಅಂದರೆ ತುಮಕೂರಿನಲ್ಲಿ ಎಲ್ಲರಿಗೂ ಗೊತ್ತು: ಕೂಲಿಯವರ, ಗಾರೆಯವರ, ಬೀಡಿ ಕಟ್ಟುವವರ ಮನೆಗಳ ದಿಣ್ಣೆ. ಹಳ್ಳಿ ನಗರದೊಳಕ್ಕೆ ಬಂದಾಗ ಮೊದಲು ಬರೋದು ಯಾವುದು? ನಲ್ಲಿ ನೀರಲ್ಲ, ಚರಂಡಿಯಲ್ಲ, ಬೀದಿ ದೀಪವಲ್ಲ. ಬಿಲ್ ಕಲೆಕ್ಟರು. ತುಮಕೂರು ಪುರಸಭೆ ನಗರಸಭೆಯಾಗಿ, ಮಹಾನಗರಪಾಲಿಕೆಯಾಗಿ ಬೆಳೆದಂತೆಲ್ಲ ಸುತ್ತಲ ಎಷ್ಟೋ ಹಳ್ಳಿಗಳ ಅನುಭವ ಇದೇ.

ಮನೆಯ ಮೇಲಿನ ತೆರಿಗೆ ಇಂಗ್ಲಿಷಿನವನು ತಂದದ್ದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ ಅಚ್ಚು ಹಾಕಿಸಿದ. ನಮ್ಮ ನಾಡಿನ ಇಂಥ ಶಾಸನಗಳನ್ನು ಗುಡಿಗೆ ಬಿಟ್ಟ ದತ್ತಿ ಎಷ್ಟು, ರಾಜನ ಬಿರುದು ಏನು ಅಂತ ನೋಡೋಕೆ ಎಲ್ಲರೂ ತೆರೀತಾರೆ. ಅವುಗಳಲ್ಲೇ ತೆರಿಗೆಗಳ ಪಟ್ಟಿಯೂ ಇದೆ. ಮನೆವಣ ಅಂದರೆ ಮನೆಗಿಷ್ಟು ಹಣ. ಮಗ್ಗದೆರೆ, ಗಾಣದೆರೆ, ಮದುವೆ ಸುಂಕ. ವಿಜಯನಗರದ ಕಾಲದಲ್ಲಿ ಮಾದಾರಿಕೆ ಅನ್ನೋದು ಬೇರೆ. ಅದು ಮಾದಿಗರ ಮೇಲೆ ಹಾಕಿದ ತೆರಿಗೆ ಅಂತ ಪಂಡಿತರು ಅರ್ಥ ಹೇಳಿದ್ದಾರೆ. ಊರೊಳಕ್ಕೆ ಬರಬೇಡ ಅಂದವರು ತೆರಿಗೆಯ ಪಟ್ಟಿಯೊಳಕ್ಕೆ ಮಾತ್ರ ಹೆಸರು ಹಿಡಿದು ಕರೆದುಕೊಂಡಿದ್ದರು. ಇದರ ಮೇಲೆ ಬಿಟ್ಟಿ. ಬಿಟ್ಟಿಗೆ ರಸೀದಿಯೇ ಇಲ್ಲ.

ಕೊಟ್ಟದ್ದನ್ನು ಬಿಡಿಸಿಕೊಂಡ ಉದಾಹರಣೆಯೂ ಶಾಸನಗಳಲ್ಲಿ ಇದೆ. 16ನೆಯ ಶತಮಾನದ ನಡುಭಾಗದಲ್ಲಿ ಬಾದಾಮಿಯ ಕೊಂಡೋಜ ಅನ್ನುವ ಕ್ಷೌರಿಕ ಅಳಿಯ ರಾಮರಾಯನನ್ನು ಮೆಚ್ಚಿಸಿದ. ರಾಜ್ಯದ ಹಜಾಮರ ಮೇಲಿದ್ದ ಸುಂಕ, ಬಿಟ್ಟಿ ಎಲ್ಲ ಮಾಫಿಯಾಯಿತು. ಕರ್ನಾಟಕದ ಎಷ್ಟೋ ಊರುಗಳಲ್ಲಿ ಇದನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಕತೆ ಕೇಳೋಕೆ ಚೆನ್ನಾಗಿದೆ. ಒಂದು ಮಾತು ಮಾತ್ರ ಗಮನಿಸಬೇಕು. ಸುಂಕ ತಪ್ಪು ಅಂತ ಯಾರೂ ಒಪ್ಪಿಕೊಳ್ಳಲಿಲ್ಲ. ಒಡೆಯನ ಗಡ್ಡ ಹಿತವಾಗಿ ಕೆರೆದದ್ದಕ್ಕೆ ಸಿಕ್ಕ ಇನಾಮು ಅದು. ಹಕ್ಕು ಅನ್ನೋ ಜಾಗದಲ್ಲಿ ಮೆಚ್ಚುಗೆ ಇತ್ತು. ಇವತ್ತಿಗೂ ಕಂದಾಯ ಶಾಖೆಯ ಮುಂದೆ ಕೈಮುಗಿದು ನಿಲ್ಲುವ ನಮ್ಮ ಹಿರೀಕರಲ್ಲಿ ಕೊಂಡೋಜನ ನೆರಳು ಕಂಡಂತಾಗುತ್ತೆ.

ಮೈಸೂರು ಸಂಸ್ಥಾನವನ್ನು ಇಂಗ್ಲಿಷರು 1831ರಲ್ಲಿ ಕೈಗೆ ತಗೊಂಡ ಮೇಲೆ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳನ್ನು ತೆಗೆದು ಹಾಕಿದರು ಅಂತ ರೈಸನ ಗೆಜೆಟಿಯರು ಬರೆದಿದೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಮಗುವಿಗೆ ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ತೆರಿಗೆ ಇತ್ತು. ಒಂದು ಹಳ್ಳಿಯವರು ಪಾಳೇಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಅಜ್ಜಂದಿರು ಹುಡುಕಿಕೊಡಲಿಲ್ಲ ಅಂತ ತಲೆಮಾರುಗಟ್ಟಲೆ ತೆರಿಗೆ ಕಟ್ಟುತ್ತಿದ್ದರಂತೆ. ಓದಿದಾಗ ನಗು ಬರುತ್ತೆ. ಆದರೆ ಆ 769ರ ಜೊತೆಗೆ ಮೊಹತರ್ಫಾ ಪೂರ್ತಿ ಹೋಗಲಿಲ್ಲ. ಮೊಹತರ್ಫಾ ಅಂದರೆ ಮನೆ, ಮಗ್ಗ, ಗಾಣ, ಅಂಗಡಿಗಳ ಮೇಲಿನ ತೆರಿಗೆ. ಆಮೇಲೂ ಉಳಿಯಿತು. ಪೇಟೆಗಳಲ್ಲಿ ಪುರಸಭೆಗಳು ಹುಟ್ಟಿದ ಮೇಲೆ ಮನೆಗಂದಾಯ ಅಂತ ಹೊಸ ಅಂಗಿ ತೊಟ್ಟುಕೊಂಡಿತು. ಇನ್ನೂ ಒಂದು: ತೆಗೆದುಹಾಕಿದ ಕುದುರೆ ತೆರಿಗೆಯಲ್ಲಿ ಅಲ್ಲಿಯವರೆಗೆ ಕಟ್ಟಿದ ದುಡ್ಡು ಆ ಹಳ್ಳಿಗೆ ಮರಳಿತು ಅಂತ ಗೆಜೆಟಿಯರಿನಲ್ಲಿ ಒಂದು ಸಾಲೂ ಇಲ್ಲ.

ಮನೆಗಂದಾಯವನ್ನು ಜನ ನೇರವಾಗಿ ಎದುರಿಸಿ ಗೆದ್ದ ಪ್ರಸಂಗ ನಮ್ಮ ದೇಶದಲ್ಲಿ ಒಂದಿದೆ. ಅದು ಕಾಶಿಯದು. 1810ರಲ್ಲಿ ಕಂಪನಿ ಸರ್ಕಾರ ಮನೆಯ ವರ್ಷದ ಬಾಡಿಗೆಯ ಮೇಲೆ ನೂರಕ್ಕೆ 5, ಅಂಗಡಿಯ ಮೇಲೆ ನೂರಕ್ಕೆ 10 ತೆರಿಗೆ ಹಾಕಿತು. ಕಮ್ಮಾರರು ಸುತ್ತೋಲೆ ಕಳಿಸಿ ಕುಲಬಾಂಧವರನ್ನೆಲ್ಲ ಸೇರಿಸಿದರು. ಗಾರೆಯವರು, ನೇಕಾರರು, ಅಂಬಿಗರು ಕೆಲಸ ನಿಲ್ಲಿಸಿದರು. ಚಳಿಯಲ್ಲಿ 20,000ಕ್ಕೂ ಹೆಚ್ಚು ಜನ ಬಯಲಲ್ಲಿ ಧರಣಿ ಕೂತರು. ದೋಣಿ ಇಲ್ಲ, ಕ್ಷೌರ ಇಲ್ಲ, ಹೆಣ ಸುಡೋಕೂ ಜನ ಸಿಗದ ಸ್ಥಿತಿ ಬಂತು ಅಂತ ಕಲೆಕ್ಟರನೇ ಗೋಳಾಡಿದ. ಸರ್ಕಾರ ಮೊದಲು ಧಾರ್ಮಿಕ ಕಟ್ಟಡಗಳಿಗೆ, ತೀರಾ ಬಡವರ ಮನೆಗಳಿಗೆ ವಿನಾಯ್ತಿ ಕೊಟ್ಟು ಜನರನ್ನು ಬೇರೆ ಮಾಡಲು ನೋಡಿತು. ಕೊನೆಗೆ 1812ರ ಹೊತ್ತಿಗೆ ತೆರಿಗೆಯನ್ನೇ ಹಿಂತೆಗೆಯಬೇಕಾಯಿತು. ಧರಂಪಾಲ್ 1971ರಲ್ಲಿ ಆ ಕಾಲದ ಕಾಗದಗಳನ್ನು ಹುಡುಕಿ ತೆಗೆದು ಪುಸ್ತಕ ಮಾಡದಿದ್ದರೆ ಈ ಕಮ್ಮಾರರ ಸುದ್ದಿ ನಮ್ಮ ತನಕ ಬರುತ್ತಿರಲಿಲ್ಲ. ಗಾಂಧಿಗಿಂತ ನೂರು ವರ್ಷ ಮುಂಚಿನ ಅಸಹಕಾರ ಇದು. ಕಬ್ಬಿಣ ಬಡಿಯುವವರು ಮಾಡಿದ್ದು.

ಪುರಸಭೆಗಳು ಬಂದ ಮೇಲೆ ಆಟದ ನಿಯಮ ಬದಲಾಯಿತು. ತೆರಿಗೆ ಕಟ್ಟಿದವನಿಗೆ ಪ್ರತಿಯಾಗಿ ಒಂದಷ್ಟು ಅಧಿಕಾರ ಕೊಡೋ ಮಾತು ಬಂತು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಪಠ್ಯಪುಸ್ತಕಗಳು ಇದನ್ನು ಎದೆಯುಬ್ಬಿಸಿ ಹೇಳುತ್ತವೆ. ಆ ಸಭೆಗೆ ಯಾರನ್ನು ಕಳಿಸಬೇಕು ಅನ್ನೋದನ್ನು ಕಂದಾಯದ ತೂಕದ ಮೇಲೆ ನಿಶ್ಚಯಿಸಿದರು. ಇಷ್ಟು ಭೂಕಂದಾಯ, ಇಷ್ಟು ಮೊಹತರ್ಫಾ ಕಟ್ಟುವವನಿಗೆ ಬಾಯಿ ಉಂಟು. ಪುರಸಭೆಯ ಓಟಿನ ಪಟ್ಟಿಯೂ ಇದೇ ತಕ್ಕಡಿಯಲ್ಲಿ ತೂಗಿದ್ದು. ಅಂದರೆ ಮನೆಗಂದಾಯದ ರಸೀದಿ ಬರೀ ಹಣದ ಚೀಟಿಯಾಗಿರಲಿಲ್ಲ, ಮನುಷ್ಯನೆಂದು ಒಪ್ಪಿಕೊಂಡ ಚೀಟಿಯೂ ಆಗಿತ್ತು. ರಸೀದಿ ಇಲ್ಲದವನು ಊರಿನ ಲೆಕ್ಕಕ್ಕೇ ಇಲ್ಲ. ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಪಾಲಿಗೆ ಈ ಆಸ್ತಿಯ ಅಳತೆಗೋಲು ಇಳಿಸಬೇಕು ಅಂತ ವಾದಿಸಿದ್ದು ಯಾಕೆ ಅಂತ ಇಲ್ಲಿ ತಿಳಿಯುತ್ತೆ. ಮನೆ ಕಟ್ಟಲು, ಜಮೀನು ಕೊಳ್ಳಲು ಬಿಡದ ಸಮಾಜ, ಆಸ್ತಿ ಇಲ್ಲದ್ದಕ್ಕೆ ಓಟಿಲ್ಲ ಅಂದರೆ ಅದು ಎರಡು ಸಲ ಹೊಡೆದಂಗೆ.

ಮಹಾಡದ ಕೆರೆ ನಮಗೆಲ್ಲ ಗೊತ್ತು. ಅದರ ಹಿಂದಿನ ತೆರಿಗೆಯ ಕತೆಯನ್ನು ನಮ್ಮ ಗೆಳೆಯರು ಅಷ್ಟಾಗಿ ನೆನೆಯೋದಿಲ್ಲ. 1923ರಲ್ಲಿ ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಬೋಲೆಯವರು ತಂದ ನಿರ್ಣಯ ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುವ ಕೆರೆ ಬಾವಿ ಛತ್ರ ಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕು ಅಂತ ಹೇಳಿತು. ಮರುವರ್ಷ ಮಹಾಡ ಪುರಸಭೆ ಚವದಾರ ಕೆರೆ ಎಲ್ಲರದ್ದು ಅಂತ ಠರಾವು ಮಾಡಿತು. ಠರಾವು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಹೋಗಿ ನೀರು ಮುಟ್ಟಿದರು. ಆಮೇಲೆ ಸವರ್ಣರು ಕೋರ್ಟಿಗೆ ಹೋಗಿ ಹೂಡಿದ ವಾದ ಏನು? ಕೆರೆ ಪುರಸಭೆಯದಲ್ಲ, ನಮ್ಮ ಖಾಸಗಿಯದು ಅಂತ. ಹತ್ತು ವರ್ಷ ಎಳೆದು 1937ರಲ್ಲಿ ಬೊಂಬಾಯಿ ಹೈಕೋರ್ಟು ಆ ವಾದವನ್ನು ತಳ್ಳಿತು. ಸಾರ್ವಜನಿಕ ದುಡ್ಡು ಯಾವುದರ ಮೇಲೆ ಬಿದ್ದಿದೆಯೋ ಅದರ ಮೇಲೆ ನಮಗೆ ಹಕ್ಕಿದೆ ಅನ್ನುವ ಮಾತು ಆ ಹೋರಾಟದ ಬೇರಿನಲ್ಲಿದೆ. ಮರಳೂರಿನ ಹೆಂಗಸು ‘ಕಂದಾಯ ಕಟ್ಟಿಸ್ಕೊಂಡೋರು ನೀರು ಯಾಕೆ ಬಿಡಲ್ಲ’ ಅಂತ ಕೊಡ ಹಿಡಿದು ಕೇಳುವಾಗ ಅದೇ ಮಾತನ್ನು ಕೇಳುತ್ತಿರುತ್ತಾಳೆ.

ಇನ್ನು ಹಣ ಮರಳಿ ಪಡೆಯುವ ಕಡೆಗೆ ಬರೋಣ. ಹಳೆಯ ಕಾಯ್ದೆಗಳಲ್ಲಿ ಒಂದು ವಿಚಿತ್ರ ಕಲಂ ಇತ್ತು. ಮಂಗಳೂರು, ಬಳ್ಳಾರಿಗಳು ಸೇರಿದ್ದ ಮದರಾಸು ಪ್ರಾಂತ್ಯದ 1920ರ ಜಿಲ್ಲಾ ಪುರಸಭೆಗಳ ಕಾಯ್ದೆಯಲ್ಲಿ, ಮನೆ ಬಾಡಿಗೆಗೆ ಹೋಗದೆ ಖಾಲಿ ಬಿದ್ದಿದ್ದರೆ ಆ ಅವಧಿಯ ಕಂದಾಯದ ಒಂದು ಭಾಗ ಬಿಟ್ಟುಕೊಡುತ್ತಿದ್ದರು. ಅರ್ಜಿ ಹಾಕಿದರೆ ಆಯಿತು. ಖಾಲಿ ಬಿಡೋಕೆ ಮನೆ ಯಾರಿಗಿತ್ತು? ವಠಾರಗಳ ಯಜಮಾನರಿಗೆ. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವ ಮನೆ ಯಾವತ್ತು ಖಾಲಿ ಬೀಳುತ್ತೆ? ಕಾನೂನಿನಲ್ಲಿ ‘ವಾಪಸಾತಿ’ ಅನ್ನೋ ಪದ ಬಂದದ್ದೇ ಮನೆ ಹೆಚ್ಚಿದ್ದವನ ಸಲುವಾಗಿ.

ಆಮೇಲಿನ ಕೋರ್ಟು ತೀರ್ಪುಗಳನ್ನು ನೋಡಿದರೂ ಹೆಚ್ಚುಕಡಿಮೆ ಇದೇ ಕಾಣುತ್ತೆ. ತೀರ್ಪುಗಳು ಕೆಟ್ಟವು ಅಂತ ನಾವು ಹೇಳುತ್ತಿಲ್ಲ. ಹಲವು ಒಳ್ಳೆಯವು, ನಮ್ಮ ಕೈಗೂ ಬರಬೇಕಾದ ಆಯುಧಗಳು. 1968ರಲ್ಲಿ ಸುಪ್ರೀಂ ಕೋರ್ಟು ಕೇರಳದ 1961ರ ಕಟ್ಟಡ ತೆರಿಗೆ ಕಾಯ್ದೆಯನ್ನು ಹೊಡೆದು ಹಾಕಿತು. ಆ ಕಾಯ್ದೆ ನೆಲದ ಅಳತೆ ಒಂದನ್ನೇ ನೋಡುತ್ತಿತ್ತು. ಯಾವ ಊರು, ಯಾವ ಬೀದಿ, ಯಾತರಿಂದ ಕಟ್ಟಿದ್ದು, ಎಷ್ಟು ಬಾಡಿಗೆ ಬರುತ್ತೆ, ಇದಾವುದನ್ನೂ ಕೇಳುತ್ತಿರಲಿಲ್ಲ. ಸಮಾನರಲ್ಲದ ಮನೆಗಳನ್ನು ಸಮಾನ ಅಂತ ಎಣಿಸುವುದೇ ಅಸಮಾನತೆ ಅನ್ನುವುದು ಕೋರ್ಟಿನ ತಿಳುವಳಿಕೆ. ಗಮನಿಸಿ, ನಮ್ಮ ಮನೆ ಯಾವ ವರ್ಗಕ್ಕೆ ಸೇರಬೇಕು ಅಂತ ಸರಿಯಾಗಿ ಗುರುತಿಸೋದು ಸರ್ಕಾರದ ದಯೆಯಲ್ಲ, ಸಂವಿಧಾನದ 14ನೇ ವಿಧಿಯ ಮಾತು. 1979ರಲ್ಲಿ ದಿವಾನ್ ದೌಲತ್ ರಾಯ್ ಕಪೂರ್ ಮೊಕದ್ದಮೆಯಲ್ಲಿ ಭಗವತಿಯವರು, ಬಾಡಿಗೆ ನಿಯಂತ್ರಣ ಕಾಯ್ದೆ ಒಪ್ಪುವ ಬಾಡಿಗೆಗಿಂತ ಹೆಚ್ಚು ಬಾಡಿಗೆ ಊಹಿಸಿ ಮನೆಗೆ ತೆರಿಗೆ ಹಾಕುವಂತಿಲ್ಲ ಅಂತ ಬರೆದರು. ಹಾಗೇ 1975ರಲ್ಲಿ, ಅಹಮದಾಬಾದಿನ ಗಿರಣಿಯೊಂದರ ಮೊಕದ್ದಮೆಯಲ್ಲಿ, ತಕರಾರು ಮಾಡುವವನು ಮೊದಲು ತೆರಿಗೆ ಕಟ್ಟಿ ಆಮೇಲೆ ಮೇಲ್ಮನವಿಗೆ ಬರಬೇಕು ಅನ್ನುವ ಷರತ್ತು ಸರಿ ಅಂತಲೂ ಅದೇ ಕೋರ್ಟು ಹೇಳಿತು. ಗಿರಣಿಯವನಿಗೆ ಅದು ಬ್ಯಾಂಕಿನ ಒಂದು ಚೆಕ್ಕು. ದಿಣ್ಣೆಯವನಿಗೆ ಮಗಳ ಓದಿನ ದುಡ್ಡು. ಬಾಗಿಲು ಎಲ್ಲರಿಗೂ ಒಂದೇ, ಹೊಸ್ತಿಲು ಮಾತ್ರ ಸೊಂಟದೆತ್ತರ.

ಈಗ ಒಂದು ಸಾರಾಯಿ ಕತೆ. ಮನೆಗಂದಾಯದಿಂದ ಸ್ವಲ್ಪ ಆಚೆಗಿನದು, ಆದರೆ ಕರ್ನಾಟಕದಲ್ಲಿ ಹೆಚ್ಚಿಗೆ ಕಟ್ಟಿದ ತೆರಿಗೆ ವಾಪಸ್ಸು ಪಡೆಯೋದರ ಚರಿತ್ರೆ ಬರೆಯುವಾಗ ಇದನ್ನು ಬಿಟ್ಟರೆ ಆಗದು. ಮೈಸೂರಿನ ಡಿ. ಕಾವಸ್‌ಜಿ ಕಂಪನಿಯವರು ಅಬ್ಕಾರಿ ಗುತ್ತಿಗೆದಾರರು. ಅವರು ಎರಡು ಸಲ ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಸೋತರು. ಅಕ್ರಮವಾಗಿ ವಸೂಲಾದ ಸೆಸ್ಸು ಹೌದು, ಆದರೆ ಇಷ್ಟು ವರ್ಷ ಸುಮ್ಮನಿದ್ದು ಈಗ ಬಂದಿದ್ದೀರಿ, ತಡವಾಯಿತು ಅಂತ ಕೋರ್ಟು ಹೇಳಿತು. 1984ರಲ್ಲಿ ಗೆದ್ದರು. ಸಾರಾಯಿಯ ಮೇಲೆ ಹೆಚ್ಚಿಗೆ ಎತ್ತಿದ್ದ ಮಾರಾಟ ತೆರಿಗೆಯನ್ನು ವಾಪಸ್ಸು ಕೊಡಬೇಕು ಅಂತ ಹೈಕೋರ್ಟು ಹೇಳಿದ್ದಕ್ಕೆ ನಮ್ಮ ಸರ್ಕಾರ ಏನು ಮಾಡಿತು ಗೊತ್ತೆ? ಕಾಯ್ದೆ ತಿದ್ದಿ, ತೆರಿಗೆಯ ದರವನ್ನು ನೂರಕ್ಕೆ ಆರೂವರೆಯಿಂದ 45ಕ್ಕೆ, ಅದೂ ಹಿಂದಿನ ವರ್ಷಗಳಿಂದಲೇ ಜಾರಿಗೆ ಬರುವಂತೆ, ಏರಿಸಿಬಿಟ್ಟಿತು. ಕೊಡಬೇಕಾದ ಬಾಕಿ ಹಾಗೇ ಆವಿಯಾಯಿತು. ವಾಪಸ್ಸು ಕೊಡೋದನ್ನು ತಪ್ಪಿಸಿಕೊಳ್ಳೋಕೇ ಮಾಡಿದ ಈ ತಿದ್ದುಪಡಿ ನಿಲ್ಲದು ಅಂತ ಸುಪ್ರೀಂ ಕೋರ್ಟು ತಳ್ಳಿಹಾಕಿತು. ನ್ಯಾಯವೇ ಸರಿ. ಆದರೆ ಆ ತೆರಿಗೆ ಕೊನೆಗೆ ಯಾರ ಜೇಬಿನಿಂದ ಹೋಗಿತ್ತು? ದಿನದ ಕೂಲಿಯನ್ನು ಸಾರಾಯಿ ಅಂಗಡಿಯಲ್ಲಿ ಸುರಿದು ಮನೆಗೆ ಬರಿಗೈಲಿ ಬಂದವನ ಜೇಬಿನಿಂದ. ಅವನ ಹೆಂಡತಿ ಯಾವ ಕೋರ್ಟಿಗೆ ಅರ್ಜಿ ಹಾಕಬೇಕಿತ್ತು?

ಈ ಪ್ರಶ್ನೆ ನಮ್ಮ ಹುಚ್ಚು ಅಂತ ಯಾರೂ ನಗಬೇಕಾಗಿಲ್ಲ. 1996ರಲ್ಲಿ ಮಫತ್‌ಲಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಕೂತು ಇದನ್ನೇ ನೋಡಿದರು. ತೆರಿಗೆಯ ಹೊರೆಯನ್ನು ಬೇರೆಯವರ ತಲೆಗೆ ದಾಟಿಸಿದವನು ವಾಪಸಾತಿ ಕೇಳುವಂತಿಲ್ಲ ಅನ್ನುವುದು ಬಹುಮತದ ತೀರ್ಪು. ಇದು ಅಬ್ಕಾರಿ, ಸೀಮಾ ಸುಂಕದ ವಿಚಾರವಾಗಿ ಬಂದದ್ದು. ಆದರೆ ಇದರ ಹಿಂದಿನ ವಿವೇಕವನ್ನು ಮರಳೂರಿನ ಬಾಡಿಗೆ ಮನೆಯ ಮುಂದೆ ತಂದು ನಿಲ್ಲಿಸಿ ನೋಡಿ. ಮನೆಗಂದಾಯದ ರಸೀದಿ ಮಾಲೀಕನ ಹೆಸರಿಗೆ. ಬಾಡಿಗೆ ಏರಿಸುವಾಗ ‘ಕಂದಾಯ ಜಾಸ್ತಿ ಮಾಡವ್ರೆ ಕಣಮ್ಮ’ ಅನ್ನೋ ಮಾತು ಬಾಡಿಗೆದಾರಳಿಗೆ. ನಾಳೆ ಕಂದಾಯ ಇಳಿದರೆ ಬಾಡಿಗೆ ಇಳಿಯುತ್ತದೆಯೆ?

2002ರಲ್ಲಿ ಕರ್ನಾಟಕದ ನಗರಗಳಿಗೆಲ್ಲ ಸ್ವಯಂ ಘೋಷಿತ ತೆರಿಗೆ ಬಂತು. ಅದಕ್ಕೂ ಮುಂಚೆ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಅಂತ ಪುರಸಭೆಯವರೇ ಅಂದಾಜು ಮಾಡುತ್ತಿದ್ದರು. ಅಂದಾಜು ಅವರದು, ತಪ್ಪಾದರೆ ತಕರಾರು ನಮ್ಮದು. ಈಗ ಲೆಕ್ಕಕ್ಕೆ ಆಧಾರ ಆಸ್ತಿಯ ಬೆಲೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ, ಸೂರು ಆರ್‌ಸಿಸಿಯೋ ಹೆಂಚೋ ಶೀಟೋ, ಕಟ್ಟಿ ಎಷ್ಟು ವರ್ಷ, ವಾಸಕ್ಕೋ ವ್ಯಾಪಾರಕ್ಕೋ, ಎಲ್ಲವನ್ನೂ ಮನೆಯವರೇ ಫಾರಂನಲ್ಲಿ ತುಂಬಿ ಲೆಕ್ಕ ಹಾಕಿ ಕಟ್ಟಬೇಕು. ಅಧಿಕಾರಿಯ ಮರ್ಜಿ ತಪ್ಪಿತು ಅಂತ ಪತ್ರಿಕೆಗಳು ಹೊಗಳಿದವು. ಒಂದು ಮಟ್ಟಿಗೆ ನಿಜವೂ ಹೌದು. ಆದರೆ ಫಾರಂ ಓದೋಕೆ ಬಾರದ ಮನೆಯಲ್ಲಿ ಏನಾಗುತ್ತೆ? ಕಚೇರಿಯ ಹೊರಗೆ ಕೂತು ಅರ್ಜಿ ಬರೆಯುವವನು ತುಂಬುತ್ತಾನೆ. ಹೆಂಚಿನ ಮನೆ ಆರ್‌ಸಿಸಿ ಆಗುತ್ತೆ. ಮುಂದಿನ ಜಗುಲಿಯಲ್ಲಿ ಹೆಂಗಸು ಬೀಡಿ ಕಟ್ಟುತ್ತಿದ್ದರೆ, ಊದುಬತ್ತಿ ಹೊಸೆಯುತ್ತಿದ್ದರೆ ಅದು ವ್ಯಾಪಾರ ಆದರೂ ಆಯಿತು. ಮೂವತ್ತು ವರ್ಷದ ಗೋಡೆಗೆ ಹತ್ತು ವರ್ಷದ ವಯಸ್ಸು ಬರುತ್ತೆ. ಆಮೇಲೆ ತಕರಾರು ಎತ್ತಿದರೆ ಸಿಗುವ ಉತ್ತರ ಒಂದೇ: ‘ನೀವೇ ಘೋಷಿಸಿದ್ದಲ್ಲವೇನ್ರಿ?’ ನಮ್ಮಲ್ಲಿ ಎಷ್ಟೋ ಜನ ಮನೆಗೆ ಬಂದ ಡಿಮ್ಯಾಂಡ್ ನೋಟೀಸನ್ನು ಪೂರ್ತಿ ಓದಿದ ಮೊದಲಿಗರು. ಅಪ್ಪಂದಿರು ಅಂಕಿ ಒಂದನ್ನೇ ನೋಡಿ ಕಟ್ಟುತ್ತಿದ್ದರು. ಅಂಕಿಯ ಹಿಂದಿನ ಕಾಲಂಗಳು ಅವರ ಪಾಲಿಗೆ ಪೂಜಾರಿಯ ಮಂತ್ರದಂಗೆ.

ಒಂದು ಸಲ ತಪ್ಪಾದ ಆಧಾರ ಅಲ್ಲಿಗೇ ನಿಲ್ಲೋದಿಲ್ಲ. ಮೊದಲಿದ್ದ ನಿಯಮದಂತೆ ಮೂರು ವರ್ಷಕ್ಕೊಮ್ಮೆ ನೂರಕ್ಕೆ 15ರಿಂದ 30 ಏರುತ್ತಿತ್ತು. 2021ರ ತಿದ್ದುಪಡಿಯ ನಂತರ ವರ್ಷ ವರ್ಷವೂ 3ರಿಂದ 5 ಏರುತ್ತೆ. ತಪ್ಪಿನ ಮೇಲೆ ತಪ್ಪು ಮರಿ ಹಾಕುತ್ತೆ, ಸಾಹುಕಾರನ ಬಡ್ಡಿಯ ಹಾಗೆ.

ಬೆಂಗಳೂರಿನಲ್ಲಿ 2008ರಿಂದ ಬೀದಿಗಳನ್ನು ಎ ಯಿಂದ ಎಫ್ ತನಕ ಆರು ವಲಯ ಮಾಡಿದರು. ತಪ್ಪು ವಲಯ ಬರೆದು ಕಡಿಮೆ ಕಟ್ಟಿದ್ದೀರಿ ಅಂತ ಎಷ್ಟೋ ಸಾವಿರ ಮಾಲೀಕರಿಗೆ ಆಮೇಲೆ ನೋಟೀಸು ಹೋಯಿತು. ಬಡಾವಣೆಯ ಸಂಘಗಳು ಎದ್ದವು, ಪತ್ರಿಕೆಗಳು ಬರೆದವು. 2024ರಲ್ಲಿ ಬಾಕಿಯವರಿಗೆಲ್ಲ ಬಡ್ಡಿ ಮನ್ನಾ ಮಾಡಿ ಒಂದೇ ಸಲಕ್ಕೆ ತೀರಿಸುವ ಯೋಜನೆ ಬಂತು. ಕಡಿಮೆ ಕಟ್ಟಿದವರಿಗೆ ಯೋಜನೆ ಬರುತ್ತೆ. ಹೆಚ್ಚಿಗೆ ಕಟ್ಟಿದವರನ್ನು ಪಾಲಿಕೆಯೇ ಹುಡುಕಿಕೊಂಡು ಹೋಗಿ ದುಡ್ಡು ವಾಪಸ್ಸು ಕೊಡುವ ಯೋಜನೆ ಬಂದದ್ದು ನಾವು ಕೇಳಿಲ್ಲ.

ನಮ್ಮನ್ನಾಳಿದ ಇಂಗ್ಲೆಂಡಿನಲ್ಲೇ ಒಂದು ಉದಾಹರಣೆ ಇದೆ. ತಲೆಗಿಷ್ಟು ಅಂತ ಅಲ್ಲಿ ಹಾಕಿದ್ದ ತಲೆಗಂದಾಯದ ವಿರುದ್ಧ ಜನ ದಂಗೆ ಎದ್ದು, 1990ರಲ್ಲಿ ಲಂಡನ್ನಿನ ಟ್ರಾಫಲ್ಗರ್ ಚೌಕ ಹೊತ್ತಿ ಉರಿದ ಮೇಲೆ, 1993ರಲ್ಲಿ ಮನೆಗಳಿಗೆ ಎ ಯಿಂದ ಎಚ್ ತನಕ ದರ್ಜೆ ಕೊಟ್ಟು ಹೊಸ ತೆರಿಗೆ ತಂದರು. 1991ರ ಏಪ್ರಿಲ್‌ನ ಬೆಲೆಯೇ ಅದಕ್ಕೆ ಆಧಾರ. ಅವಸರದಲ್ಲಿ ಎಷ್ಟೋ ಬೀದಿಗಳನ್ನು ಕಾರಿನಿಂದ ಇಳಿಯದೆ, ಗೇರು ಬದಲಾಯಿಸುತ್ತ ನೋಡಿ ದರ್ಜೆ ಬರೆದರು. ಆ ದರ್ಜೆಗಳು ಇಂಗ್ಲೆಂಡಿನಲ್ಲಿ ಇವತ್ತಿಗೂ ನಡೀತಿವೆ. ಅಲ್ಲಿ ಯಾರು ಬೇಕಾದರೂ ಪಕ್ಕದ ಮನೆಯ ದರ್ಜೆ ನೋಡಬಹುದು, ಖರ್ಚಿಲ್ಲ. ಅದೇ ಥರದ ಮನೆ ಪಕ್ಕದ್ದು ಸಿ, ನಮ್ಮದು ಡಿ ಆಗಿದ್ದರೆ ಪ್ರಶ್ನಿಸಬಹುದು. ಗೆದ್ದವರಿಗೆ 1993ರ ತನಕ ಹಿಂದಕ್ಕೆ ಲೆಕ್ಕ ಹಾಕಿ ದುಡ್ಡು ಕೊಟ್ಟದ್ದಿದೆ. ಅಪಾಯವೂ ಉಂಟು: ಮರುಪರಿಶೀಲನೆಯಲ್ಲಿ ದರ್ಜೆ ಮೇಲಕ್ಕೂ ಹೋಗಬಹುದು, ಪಕ್ಕದವರದ್ದೂ ಏರಬಹುದು. ಇದರಲ್ಲಿ ನಾವು ಕಲಿಯಬೇಕಾದ್ದು ಪಕ್ಕದ ಮನೆ ನೋಡೋದನ್ನು. ಒಂಟಿ ಮನೆಯ ಕಂದಾಯ ಸರಿಯೋ ತಪ್ಪೋ ಹೇಳೋದು ಕಷ್ಟ. ಒಂದು ಸಾಲಿನ ಇಪ್ಪತ್ತು ಮನೆಗಳನ್ನು ಪಕ್ಕಪಕ್ಕ ಇಟ್ಟಾಗ ಸುಳ್ಳು ತಾನೇ ಎದ್ದು ಕೂರುತ್ತೆ.

ಮರಳೂರಿನಂಥ ಕಡೆ ಇದಕ್ಕಿಂತ ಆಳದ ಗಂಟು ಒಂದಿದೆ. ಖಾತೆ. ಹೆಚ್ಚಿಗೆ ಕಟ್ಟಿದ್ದೀನಿ ಅಂತ ಹೇಳಬೇಕಾದರೆ ಮೊದಲು ನಾನು ಕಟ್ಟುವವನು ಅಂತ ರಿಜಿಸ್ಟರು ಒಪ್ಪಬೇಕು. ನಕ್ಷೆ ಮಂಜೂರಾಗದ ಮನೆ, ಕಂದಾಯ ಜಮೀನಿನಲ್ಲಿ ಎದ್ದ ಮನೆ, ಹಕ್ಕುಪತ್ರ ಕೈಗೆ ಬಾರದ ಕೊಳಗೇರಿಯ ಮನೆ, ಇವುಗಳನ್ನು ಕಾನೂನುಬಾಹಿರ ಕಟ್ಟಡ ಅಂತ ಕರೆದು ದುಪ್ಪಟ್ಟು ತೆರಿಗೆ ಎತ್ತಲು ಪಾಲಿಕೆ ಕಾಯ್ದೆಯಲ್ಲೇ ಅವಕಾಶ ಇದೆ. ಜೊತೆಗೆ ಒಂದು ಷರಾ: ತೆರಿಗೆ ತಗೊಂಡ ಮಾತ್ರಕ್ಕೆ ಮನೆ ಸಕ್ರಮವಾಗದು. ಎರಡು ಪಟ್ಟು ಕೊಡು, ಆದರೂ ನೀನು ಇಲ್ಲಿಯವನಲ್ಲ. ಕೊಳಗೇರಿ ಕಾಯ್ದೆ 1973ರದು. ಕೃಷಿ ಕಾರ್ಮಿಕನ ವಾಸದ ಮನೆ ಅವನದೇ ಅನ್ನುವ ಮಾತು ದೇವರಾಜ ಅರಸರ ಭೂಸುಧಾರಣೆಯಲ್ಲಿ ಬಂತು. ಅಷ್ಟು ವರ್ಷದ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಊರೂರಲ್ಲಿ ಬಿ ಖಾತೆ ಅಭಿಯಾನ ಶುರು ಮಾಡಿತು. ಮೊದಲ ವರ್ಷ ಎರಡರಷ್ಟು ಕಟ್ಟಿ, ಮುಂದೆ ಒಂದರಷ್ಟು ಅಂತ ನಿಯಮ. ದಿಣ್ಣೆಯವರಿಗೆ ಇದು ಬೇಕೋ ಬೇಡವೋ ಅಂತ ನಮ್ಮಲ್ಲೇ ಜಗಳ ನಡೆದಿದೆ. ನಮ್ಮ ಅಭಿಪ್ರಾಯ, ಬೇಕು. ಹೆಸರಿಲ್ಲದವನು ತಕರಾರು ಹೂಡಲಾರ. ಆದರೆ ಇದುವರೆಗೆ ದುಪ್ಪಟ್ಟು ಕಟ್ಟಿದವರ ಹಿಂದಿನ ಲೆಕ್ಕದ ಬಗ್ಗೆ ಯಾರೂ ಉಸಿರೆತ್ತದೆ ಇರೋದನ್ನು ಸುಮ್ಮನೆ ಬಿಡಬಾರದು. ಗುಡಿ, ಮಸೀದಿ, ಚರ್ಚು, ಛತ್ರಗಳಿಗೆ ಇದೇ ಕಾನೂನು ವಿನಾಯ್ತಿ ಕೊಟ್ಟಿದೆ. ದೇವರಿಗೆ ಕಂದಾಯ ಇಲ್ಲ, ಗುಡಿಸಲಿಗೆ ಡಬಲ್ಲು.

ಹಳ್ಳಿಯ ಮೇಷ್ಟ್ರುಗಳು, ಕಾಲೇಜಿನ ಗೆಳೆಯರು ಈ ಪತ್ರಿಕೆ ಓದುತ್ತಾರೆ, ಅವರಿಗೆ ಕೆಲಸದ ಮಾತು ಒಂದಿಷ್ಟು. ರಸೀದಿ ಬಿಸಾಡಬಾರದು, ಬೂಸ್ಟು ಹಿಡಿದಿದ್ದರೂ. ಮನೆಯ ಖಾತೆ ನಕಲು, ಅಸೆಸ್‌ಮೆಂಟ್ ರಿಜಿಸ್ಟರಿನಲ್ಲಿ ನಿಮ್ಮ ಸಾಲಿನ ಪುಟ, ಘೋಷಣಾ ಫಾರಂ ಪ್ರತಿ, ಇವನ್ನು 2005ರ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಬರೆದು ಕೇಳಬಹುದು. ಟೇಪು ಹಿಡಿದು ಮನೆ ಅಳೆಯಬೇಕು. ಸೂರು, ವಯಸ್ಸು, ಬಳಕೆ, ರಸ್ತೆ, ಈ ನಾಲ್ಕನ್ನು ಪಕ್ಕದ ಮನೆಗಳ ಜೊತೆ ಹೋಲಿಸಬೇಕು. ತಪ್ಪು ಕಂಡರೆ ಬಾಯಲ್ಲಿ ಹೇಳಿ ಬರಬಾರದು, ಆಯುಕ್ತರ ಹೆಸರಿಗೆ ಬರೆದು ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ನೋಟೀಸು ಬಂದಿದ್ದರೆ ಅದರಲ್ಲಿ ಬರೆದ ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಬರೀ ಮುಂದಕ್ಕೆ ಸರಿ ಮಾಡಿ ಅಂತ ಕೇಳಿದರೆ ಹಿಂದಿನದು ಮುಳುಗಿತು ಅಂತಲೇ ಅರ್ಥ. ಯಾವ ವರ್ಷದಿಂದ ತಪ್ಪಾಗಿದೆ, ಹೆಚ್ಚಿಗೆ ಕಟ್ಟಿದ್ದು ಎಷ್ಟು, ಅದನ್ನು ವಾಪಸ್ಸು ಕೊಡಿ ಇಲ್ಲವೆ ಮುಂದಿನ ಕಂದಾಯಕ್ಕೆ ಹೊಂದಿಸಿ ಅಂತ ಅಂಕಿ ಸಮೇತ ಬರೆಯಬೇಕು. ಕಾನೂನಿನ ತಪ್ಪು ತಿಳುವಳಿಕೆಯಿಂದ ಕಟ್ಟಿದ ತೆರಿಗೆಯೂ ವಾಪಸ್ಸಾಗಬೇಕು ಅಂತ ಸುಪ್ರೀಂ ಕೋರ್ಟು 1958ರಲ್ಲೇ, ಬನಾರಸಿನ ಕನ್ಹಯ್ಯಾಲಾಲ್ ಮೊಕದ್ದಮೆಯಲ್ಲಿ ಹೇಳಿದೆ. ಮತ್ತೆ ಕಾಶಿ, ನೋಡಿ. ಕಾಲಮಿತಿಯ ಕತ್ತಿ ಮೂರು ವರ್ಷದ್ದು, ತಪ್ಪು ಗೊತ್ತಾದ ದಿನದಿಂದ. ಸಾರಾಯಿಯವರಂಥವರೇ 1974ರಲ್ಲಿ ತಡದಿಂದ ಸೋತದ್ದನ್ನು ನೆನಪಿಡಬೇಕು.

ಒಬ್ಬೊಬ್ಬರೇ ಹೋದರೆ ಕೊಂಡೋಜನ ದಾರಿ. ಒಬ್ಬ ಅಧಿಕಾರಿ ಮೆಚ್ಚಿ ಒಬ್ಬನ ಮನೆಯದನ್ನು ಸರಿ ಮಾಡುತ್ತಾನೆ, ಸಾಲಿನ ಉಳಿದ ಹತ್ತೊಂಬತ್ತು ಮನೆ ಹಂಗೇ ಉಳಿಯುತ್ತವೆ. ಸಾಲಿಗೆ ಸಾಲೇ ಒಂದೇ ದಿನ ಅರ್ಜಿ ಕೊಟ್ಟರೆ ಕಾಶಿಯ ಕಮ್ಮಾರರ ದಾರಿ.

ಬಾಡಿಗೆದಾರರ ವಿಚಾರಕ್ಕೆ ನಮಗೆ ಇನ್ನೂ ಸರಿಯಾದ ಕಾನೂನಿನ ಹಿಡಿ ಸಿಕ್ಕಿಲ್ಲ. ಸದ್ಯಕ್ಕೆ ನಾವು ಮನೆಮನೆಗೆ ಹೋಗಿ ಹೇಳುತ್ತಿರೋದು ಇಷ್ಟು. ಬಾಡಿಗೆ ಏರಿಸುವಾಗ ಕಂದಾಯದ ನೆಪ ಹೇಳಿದರೆ ಆ ವರ್ಷದ ರಸೀದಿ ತೋರಿಸಿ ಅಂತ ಕೇಳಿ. ಏರಿದ್ದರಲ್ಲಿ ಕಂದಾಯಕ್ಕೆ ಎಷ್ಟು ಅಂತ ಬಾಡಿಗೆ ಚೀಟಿಯ ಹಿಂದೆ ಬರೆಸಿ, ತಾರೀಖು ಹಾಕಿಸಿ, ಮಕ್ಕಳ ಮಾರ್ಕ್ಸ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಡಿ.